ಬೇಸಿಗೆಯ ಪರಿಮಳದ ಮೂರು ಮಜಲುಗಳು

ಚೈತ್ರ ವೈಶಾಖಗಳಲ್ಲಿ ರೋಣ, ನರಗುಂದ, ಗಜೇಂದ್ರಗಡಗಳ ಸುತ್ತಿನ ಬಯಲು ಕಾದ ಹಂಚಿನಂತಾಗುತ್ತದೆ. ಎರೆಯ ನೆಲ ಬಾಯಿ ಬಿಡುತ್ತದೆ. ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡಿನ ಸಮೀಪಕ್ಕೆ ಏರುವುದುಂಟು. ಮದುವೆಗಳ ಕಾಲವೂ ಇದೇ. ಆದುದರಿಂದ ಅತ್ತರಿಗೆ ಬೇಡಿಕೆ ಹೆಚ್ಚು. ಕೊಳ್ಳುವವರು ಸೀಸೆಯ ಬಿರಡೆ ತೆಗೆದು ಮೂಸಿ, ನಿಂಬೆಯಂತೆ ತಂಪೆನಿಸುವುದನ್ನು ಆರಿಸಿ, ಹಣ ತೆತ್ತು ಮನೆಗೆ ಬರುತ್ತಾರೆ. ಅಕ್ಷತೆ ಬೀಳುವ ಹೊತ್ತಿಗೆ ಆ ಕಂಪು ಮಾಯವಾಗಿರುತ್ತದೆ! ಅಂಗಡಿಯವನು ಮೋಸ ಮಾಡಿದನೆಂದು ನಾವು ಗೊಣಗುತ್ತೇವೆ. ಆದರೆ ಅನೇಕ ವೇಳೆ ತಪ್ಪು ಅವನದಲ್ಲ. ನಾವು ಪರೀಕ್ಷಿಸಿದ ರೀತಿಯದು.

ಯಾವ ವಸ್ತುವಿನ ವಾಸನೆಯೇ ಆಗಲಿ ನಮಗೆ ತಿಳಿಯಬೇಕಾದರೆ ಅದರ ಅಣುಗಳು ಹಾರಿ ಬಂದು ಮೂಗನ್ನು ಸೇರಬೇಕು. ಸುಗಂಧವು ಒಂದೇ ವಸ್ತುವಲ್ಲ, ಹಲವು ವಸ್ತುಗಳ ಮಿಶ್ರಣ. ಅವು ಒಟ್ಟಿಗೆ ಹೊರಟರೂ ಒಂದೇ ವೇಗದಲ್ಲಿ ಹಾರುವುದಿಲ್ಲ. ನಿಂಬೆಯ ಸಿಪ್ಪೆಯಲ್ಲಿರುವ ಲಿಮೊನೀನಿನ ಅಣುಭಾರ 136. ಹಲವು ಹೂಗಳಲ್ಲಿರುವ ಲಿನಲೂಲಿನದು 154. ಶ್ರೀಗಂಧದ ಸ್ಯಾಂಟಲಾಲಿನದು 220. ಹಗುರವಾದದ್ದು ಮೊದಲು, ಭಾರವಾದದ್ದು ಕೊನೆಗೆ ಹಾರುವುದು ಸಾಮಾನ್ಯ ನಿಯಮ. ಇಂಗ್ಲೆಂಡಿನ ಸುಗಂಧತಜ್ಞ ವಿಲಿಯಂ ಪೌಚರ್ ಅವರು 1955ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಆರುವ ಕಾಲಕ್ಕೆ ಅನುಗುಣವಾಗಿ ಸುಗಂಧದ್ರವ್ಯಗಳಿಗೆ 1ರಿಂದ 100ರವರೆಗೆ ಅಂಕಗಳನ್ನು ಕೊಟ್ಟರು. 14ರವರೆಗಿನವು ಮೊದಲ ಮಜಲು, 60ರವರೆಗಿನವು ನಡುವಿನದು, ಮಿಕ್ಕವು ಕೊನೆಯದು. ಶ್ರೀಗಂಧಕ್ಕೆ ದೊರೆತ ಅಂಕ ಪೂರ್ತಿ ನೂರು.

ಈ ಓಟಕ್ಕೆ ಚರ್ಮವೇ ಒಲೆ. ಉಷ್ಣತೆ 10 ಡಿಗ್ರಿ ಏರಿದರೆ ಇಂತಹ ತೈಲಗಳ ಆವಿಯ ಒತ್ತಡ ಸುಮಾರು ಇಮ್ಮಡಿಯಾಗುತ್ತದೆ. ಆದುದರಿಂದ ತಂಪು ಸೀಮೆಯಲ್ಲಿ ಸಾವಕಾಶವಾಗಿ ಅರಳುವ ಪರಿಮಳ ನಮ್ಮ ಬಿಸಿಲಿನಲ್ಲಿ ಅವಸರದಿಂದ ಅರಳಿ ಮುಗಿಯುತ್ತದೆ. 1709ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ವ್ಯಾಪಾರ ಹೂಡಿದ ಫಾರಿನಾ ಮನೆತನದ ಹೆಸರುವಾಸಿಯಾದ ಸುಗಂಧಜಲವು ನಿಂಬೆ, ಕಿತ್ತಳೆಗಳ ಜಾತಿಯ ತೈಲಗಳಿಂದಾದುದು. ಹಚ್ಚಿದೊಡನೆ ಹಿತವೆನಿಸುವುದೂ, ಬಹುಬೇಗ ತೀರಿಹೋಗುವುದೂ ಅದರ ಹುಟ್ಟುಗುಣ. ಅದರಲ್ಲಿರುವ ಮದ್ಯಸಾರ ಆರುವಾಗ ಚರ್ಮದ ಶಾಖವನ್ನು ಹೀರಿಕೊಳ್ಳುವುದರಿಂದ ಕ್ಷಣಕಾಲ ನಿಜವಾಗಿಯೂ ತಂಪಾಗುತ್ತದೆ.

ಚರ್ಮದ ಸ್ವಭಾವವೂ ಇಲ್ಲಿ ಮುಖ್ಯ. ಜಿಡ್ಡಿನಲ್ಲಿ ಸುಗಂಧದ ಅಣುಗಳು ಕರಗಿ ನಿಲ್ಲುತ್ತವೆ. ಒಣ ಚರ್ಮ ಅವನ್ನು ಬೇಗ ಬಿಟ್ಟುಕೊಡುತ್ತದೆ. ಒಂದೇ ಸೀಸೆಯ ಅತ್ತರು ಅಣ್ಣನ ಮೈಮೇಲೊಂದು ಬಗೆ, ತಮ್ಮನ ಮೈಮೇಲೊಂದು ಬಗೆ ತೋರುವುದಕ್ಕೆ ಇದೂ ಒಂದು ಕಾರಣ.

ನಮ್ಮ ಹಿರಿಯರು ಬೇಸಿಗೆಗೆ ನಂಬಿದ್ದುದು ಲಾವಂಚ ಮತ್ತು ಶ್ರೀಗಂಧಗಳನ್ನು. ಲಾವಂಚದ ಬೇರಿನಲ್ಲಿರುವ ಖುಸಿಮಾಲಿನ ಅಣುಭಾರವೂ 220 ಎಂಬುದನ್ನು ಕಂಡಾಗ ಅವರ ಅನುಭವಕ್ಕೆ ತಲೆದೂಗಬೇಕೆನಿಸುತ್ತದೆ. ಉತ್ತರಪ್ರದೇಶದ ಕನೌಜಿನಲ್ಲಿ ಗುಲಾಬಿ, ಮಲ್ಲಿಗೆಗಳನ್ನು ನೀರಿನಲ್ಲಿ ಕುದಿಸಿ, ಆವಿಯನ್ನು ಗಂಧದೆಣ್ಣೆಯೊಳಕ್ಕೆ ಇಳಿಸುವುದು ಪರಂಪರೆಯ ಪದ್ಧತಿ. ಭಾರವಾದ ಎಣ್ಣೆಯಲ್ಲಿ ಹಂಚಿಹೋದ ಹೂವಿನ ಅಣುಗಳು ಮೇಲ್ಮೈಯಿಂದ ತಪ್ಪಿಸಿಕೊಳ್ಳುವುದು ನಿಧಾನವಾಗುತ್ತದೆ. ಹೂವು ಬಾಡಿದ ಮೇಲೂ ಅದರ ಕಂಪನ್ನು ಉಳಿಸುವ ಉಪಾಯ ಇದು.

ಹಾಗಾದರೆ ಕೊಳ್ಳುವುದು ಹೇಗೆ? ಒಂದು ಹನಿಯನ್ನು ಮಣಿಕಟ್ಟಿಗೆ, ಇನ್ನೊಂದನ್ನು ಕಾಗದದ ಚೂರಿಗೆ ಹಚ್ಚಿಕೊಂಡು ಸಂತೆಯ ಕೆಲಸ ಮುಗಿಸಿ ಬನ್ನಿರಿ. ಐದು ನಿಮಿಷ, ಅರ್ಧ ಗಂಟೆ, ಮೂರು ಗಂಟೆಗಳ ತರುವಾಯ ಎರಡನ್ನೂ ಮೂಸಿ ನೋಡಿರಿ. ಕೊನೆಗೆ ಉಳಿದುದು ಮೆಚ್ಚಿಗೆಯಾದರೆ ಮಾತ್ರ ಹಣ ಬಿಚ್ಚಿರಿ. ಆದರೆ ಎಡೆಬಿಡದೆ ಮೂಸುತ್ತಿದ್ದರೆ ಮೂಗು ದಣಿಯುತ್ತದೆ. ನಮಗೆ ತಿಳಿಯದ ಕಂಪು ಪಕ್ಕದವರಿಗೆ ತಿಳಿಯುತ್ತಿರಬಹುದು. ಆದುದರಿಂದ ಮತ್ತೆ ಮತ್ತೆ ಬಳಿದುಕೊಳ್ಳುವ ಮುನ್ನ ಅವರನ್ನು ಕೇಳುವುದು ಲೇಸು.

ಇನ್ನೊಂದು ಎಚ್ಚರಿಕೆಯ ಮಾತು. ನಿಂಬೆಯ ಸಿಪ್ಪೆಯನ್ನು ಹಿಂಡಿ ತೆಗೆದ ಎಣ್ಣೆಯನ್ನಾಗಲಿ, ಅದೇ ಜಾತಿಯ ಬರ್ಗಮಾಟ್ ಹಣ್ಣಿನ ಎಣ್ಣೆಯನ್ನಾಗಲಿ ಮೈಗೆ ಹಚ್ಚಿಕೊಂಡು ಬಿಸಿಲಿಗೆ ಹೋಗಬಾರದು. ಅವುಗಳಲ್ಲಿರುವ ಕೆಲವು ವಸ್ತುಗಳು ಸೂರ್ಯನ ಅತಿನೇರಳೆ ಕಿರಣ ತಾಗಿದಾಗ ಚರ್ಮವನ್ನು ಸುಟ್ಟು ಕಪ್ಪು ಕಲೆ ಉಳಿಸುವುದುಂಟು. ಅಂತಹ ಪರಿಮಳ ಬೇಕೆನಿಸಿದರೆ ಅರಿವೆಯ ಅಂಚಿಗೆ ಹಚ್ಚಿಕೊಂಡರೆ ಸಾಕು.

ಸೀಸೆಯ ಬಾಯಲ್ಲಿ ನಮಗೆ ಸಿಗುವುದು ಪರಿಮಳದ ಮೊದಲ ಮಾತು ಮಾತ್ರ. ಅದರ ಕೊನೆಯ ಮಾತನ್ನು ಹೇಳುವುದು ನಮ್ಮದೇ ಚರ್ಮ. ಅದನ್ನು ಕೇಳುವಷ್ಟು ತಾಳ್ಮೆ ನಮಗಿರಬೇಕು.