ಎಳೆಯ ಆಟಗಾರನ ಬೆಲೆ ಕಟ್ಟುವ ಬಗೆ

ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಅಂಗಳದಲ್ಲಿ ಕಬಡ್ಡಿಗೆಂದು ಎರಡು ಪಕ್ಷಗಳನ್ನು ಮಾಡುವ ಕ್ರಮವನ್ನು ನಾವೆಲ್ಲರೂ ಬಲ್ಲೆವು. ಇಬ್ಬರು ನಾಯಕರು ಎದುರುಬದುರಾಗಿ ನಿಲ್ಲುವರು; ಸರದಿಯಂತೆ ಒಬ್ಬೊಬ್ಬರನ್ನು ಹೆಸರು ಹಿಡಿದು ಕರೆಯುವರು. ಗಟ್ಟಿಮುಟ್ಟಾದವನಿಗೆ ಮೊದಲ ಕರೆ. ಕೊನೆಗೆ ಉಳಿದವನನ್ನು ಯಾರೂ ಕರೆಯುವುದಿಲ್ಲ. ಅವನು ತಾನಾಗಿಯೇ ಹೋಗಿ ಒಂದು ಪಕ್ಷವನ್ನು ಸೇರಿಕೊಳ್ಳುವನು. ಆ ಗಳಿಗೆಯಲ್ಲಿ ಅವನ ಮುಖವನ್ನು ನೋಡಿದವರಿಗೆ, ಹೀಗೆ ಆರಿಸುವುದು ಬರಿಯ ಆಟದ ಮಾತಲ್ಲವೆಂದು ತಿಳಿಯದೆ ಇರದು.

ಅಮೆರಿಕ ದೇಶದಲ್ಲಿ ಇದೇ ಕ್ರಮವು ಒಂದು ದೊಡ್ಡ ವ್ಯವಸ್ಥೆಯಾಗಿ ಬೆಳೆದಿದೆ. ಅಲ್ಲಿ ವೃತ್ತಿಯಾಗಿ ಬಾಸ್ಕೆಟ್‌ಬಾಲ್ ಆಡುವ ತಂಡಗಳ ಸಂಸ್ಥೆಗೆ ಎನ್.ಬಿ.ಎ. ಎಂದು ಹೆಸರು. ಅದರಲ್ಲಿ 30 ತಂಡಗಳಿವೆ. ಈ ತಂಡಗಳು ವರ್ಷಕ್ಕೊಮ್ಮೆ ಕೂಡಿ, ಹೊಸ ತರುಣರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಈ ಆಯ್ಕೆಯನ್ನು ‘ಡ್ರಾಫ್ಟ್’ ಎನ್ನುವರು. 1947ರಲ್ಲಿ ಮೊದಲಾದ ಈ ಪದ್ಧತಿಯಲ್ಲಿ ಈಗ ಎರಡು ಸುತ್ತುಗಳು. ಕರೆಯಲ್ಪಡುವವರು ಸುಮಾರು 60 ಮಂದಿ. ಹಿಂದಿನ ವರ್ಷ ಹೆಚ್ಚು ಸೋತ ತಂಡಗಳಿಗೆ ಮೊದಲ ಸರದಿ ದೊರೆಯಬೇಕೆಂಬುದು ಇದರ ತತ್ತ್ವ. ದುರ್ಬಲರಿಗೆ ಒಳ್ಳೆಯ ಆಟಗಾರರು ದೊರೆತರೆ ತಂಡಗಳ ಬಲ ಸಮನಾಗುವುದಷ್ಟೆ? ಆದರೆ ಮೊದಲ ಸರದಿಯ ಆಸೆಗೆ ಬೇಕೆಂದೇ ಸೋಲುವವರೂ ಇದ್ದಾರು. ಅದನ್ನು ತಡೆಯಲು 1985ರಲ್ಲಿ ಲಾಟರಿಯನ್ನು ತಂದರು. 2019ರಲ್ಲಿ, ಕಟ್ಟಕಡೆಯ ಮೂರು ತಂಡಗಳಿಗೂ ಮೊದಲ ಸರದಿಯ ಸಂಭವವನ್ನು ನೂರಕ್ಕೆ 14ರಂತೆ ಸಮವಾಗಿ ನಿಗದಿಮಾಡಿದರು.

ಹೀಗಿರುವಲ್ಲಿ, ಯಾರನ್ನು ಮೊದಲು ಕರೆಯಬೇಕು? ಹತ್ತೊಂಬತ್ತು ವರ್ಷದ ಹುಡುಗನೊಬ್ಬನು ಮುಂದಿನ ಹತ್ತು ವರ್ಷ ಹೇಗೆ ಆಡಿಯಾನೆಂಬುದನ್ನು ಇಂದೇ ಹೇಳಬೇಕು. ಇದಕ್ಕಾಗಿ ತಂಡಗಳು ನಾಲ್ಕು ಬಗೆಯ ಪರೀಕ್ಷೆಗಳನ್ನು ನಡೆಸುತ್ತವೆ.

ಮೊದಲನೆಯದು ಕಣ್ಣಿನ ಪರೀಕ್ಷೆ. ಅನುಭವಿಗಳು ಊರೂರು ಸುತ್ತಿ ಪಂದ್ಯಗಳನ್ನು ನೋಡುವರು. ಚೆಂಡು ಕೈಯಲ್ಲಿರುವಾಗ ಮಾತ್ರವಲ್ಲ, ಇಲ್ಲದಿರುವಾಗ ಹುಡುಗನು ಏನು ಮಾಡುತ್ತಾನೆ, ತಪ್ಪು ಮಾಡಿದ ಮರುಗಳಿಗೆಯಲ್ಲಿ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ಗಮನಿಸುವರು.

ಎರಡನೆಯದು ಲೆಕ್ಕದ ಪರೀಕ್ಷೆ. ಒಬ್ಬನು 40 ನಿಮಿಷ ಆಡಿ 20 ಅಂಕ ಗಳಿಸಿದನು. ಇನ್ನೊಬ್ಬನು 20 ನಿಮಿಷ ಆಡಿ 15 ಅಂಕ ಗಳಿಸಿದನು. ಮೇಲುನೋಟಕ್ಕೆ ಮೊದಲನೆಯವನೇ ಮೇಲು. ಭಾಗಿಸಿ ನೋಡಿದರೆ ಅವನದು ನಿಮಿಷಕ್ಕೆ ಅರ್ಧ ಅಂಕ, ಎರಡನೆಯವನದು ಮುಕ್ಕಾಲು ಅಂಕ! ಎದುರಾಳಿಗಳು ಬಲಿಷ್ಠರೋ ದುರ್ಬಲರೋ ಎಂಬುದನ್ನೂ ನೋಡಬೇಕು. ವಯಸ್ಸನ್ನಂತೂ ಮರೆಯಲಾಗದು, 22ರ ತರುಣನಷ್ಟೇ ಚೆನ್ನಾಗಿ 19ರ ಹುಡುಗನು ಆಡಿದರೆ, ಬೆಳೆಯಲು ಹೆಚ್ಚು ಕಾಲವುಳ್ಳವನು ಕಿರಿಯನೇ ಸರಿ. ಯಾರ ಅಡ್ಡಿಯೂ ಇಲ್ಲದೆ ನಿಂತು ಎಸೆಯುವ ಫ್ರೀ ಥ್ರೋಗಳಲ್ಲಿ ಎಷ್ಟು ಸಫಲವಾದುವೆಂಬುದನ್ನು ನೋಡಿ, ಮುಂದೆ ದೂರದಿಂದಲೂ ಗುರಿಯಿಟ್ಟಾನೇ ಎಂದು ಊಹಿಸುವರು.

ಮೂರನೆಯದು ದೇಹದ ಪರೀಕ್ಷೆ. ಆಯ್ಕೆಗೆ ಮುನ್ನ ತರುಣರನ್ನು ಷಿಕಾಗೋ ನಗರಕ್ಕೆ ಕರೆಸಿ, ಪಾದರಕ್ಷೆಯಿಲ್ಲದ ಎತ್ತರ, ಚಾಚಿದ ಎರಡು ತೋಳುಗಳ ಅಗಲ, ನಿಂತು ಕೈ ಎತ್ತಿದಾಗ ನಿಲುಕುವ ಎತ್ತರ, ಜಿಗಿತ, ಓಟ ಇವೆಲ್ಲವನ್ನೂ ಅಳೆಯುವರು. ಬಾಸ್ಕೆಟ್ಟಿನ ಬಳೆ ನೆಲದಿಂದ 10 ಅಡಿ ಮೇಲಿದೆ. ಇಬ್ಬರ ಎತ್ತರ ಒಂದೇ ಆದರೂ ಉದ್ದ ತೋಳಿನವನ ಕೈ ಅದಕ್ಕೆ ಹೆಚ್ಚು ಸಮೀಪ. ನಾಲ್ಕನೆಯದು ವೈದ್ಯರ ತಪಾಸಣೆ ಮತ್ತು ಸಂದರ್ಶನ. ಇಷ್ಟನ್ನೂ ಕೂಡಿಸಿ ಪ್ರತಿ ತಂಡವೂ ತನ್ನದೇ ಆದ ಶ್ರೇಯಾಂಕದ ಪಟ್ಟಿಯನ್ನು ಸಿದ್ಧಪಡಿಸುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಪಟ್ಟಿ ತಪ್ಪುವುದುಂಟು. 1984ರಲ್ಲಿ ಎರಡನೆಯ ಸರದಿ ಪೋರ್ಟ್‌ಲೆಂಡ್ ತಂಡದ್ದು. ಕ್ಲೈಡ್ ಡ್ರೆಕ್ಸ್ಲರ್ ಎಂಬ ಚುರುಕಿನ ಆಟಗಾರ ಅವರಲ್ಲಿ ಆಗಲೇ ಇದ್ದನು. ಬೇಕಾಗಿದ್ದವನು ಬಾಸ್ಕೆಟ್ಟಿನ ಬಳಿ ನಿಲ್ಲುವ ಎತ್ತರದ ಆಳು. ಆದುದರಿಂದ ಏಳಡಿ ಮೀರಿದ ಸ್ಯಾಮ್ ಬೋವಿಯನ್ನು ಕರೆದರು. ಮೂರನೆಯ ಸರದಿಯ ಷಿಕಾಗೋ ತಂಡಕ್ಕೆ ಮೈಕೇಲ್ ಜೋರ್ಡನ್ ದೊರೆತನು. ಬೋವಿಯನ್ನು ಕಾಲಿನ ಪೆಟ್ಟುಗಳು ಮತ್ತೆ ಮತ್ತೆ ಕಾಡಿದುವು. ಅದು ಅವನ ದೋಷವಲ್ಲ. ಜೋರ್ಡನ್ನನಾದರೋ 1991ರಿಂದ 1998ರ ಒಳಗೆ ಷಿಕಾಗೋ ತಂಡಕ್ಕೆ ಆರು ಬಾರಿ ಪ್ರಶಸ್ತಿ ಗೆದ್ದುಕೊಟ್ಟನು. ‘ನಮಗೇನು ಕೊರತೆ?’ ಎಂದು ಕೇಳಿದವರು ‘ಯಾರು ಉತ್ತಮ?’ ಎಂದು ಕೇಳುವುದನ್ನು ಮರೆತರು.

2007ರಲ್ಲಿ ಕೆವಿನ್ ಡ್ಯುರಾಂಟ್ ಎಂಬ ತೆಳ್ಳನೆಯ ತರುಣನು ಅಳತೆಯ ದಿನ ಮಲಗಿ ಎತ್ತಬೇಕಾದ 185 ಪೌಂಡು ಭಾರವನ್ನು ಒಮ್ಮೆಯೂ ಎತ್ತಲಾರದೆ ಹೋದನು. ಮೊದಲ ಕರೆ ದೊರೆತದ್ದು ಭಾರೀ ಆಳಾದ ಗ್ರೆಗ್ ಓಡನ್‌ಗೆ, ಡ್ಯುರಾಂಟ್‌ಗೆ ಎರಡನೆಯದು. ಮೊಣಕಾಲಿನ ನೋವಿನಿಂದ ಓಡನ್ ಎನ್.ಬಿ.ಎ.ಯಲ್ಲಿ ಆಡಿದ್ದು ಕೇವಲ 105 ಪಂದ್ಯ. ಭಾರ ಎತ್ತಲಾರದವನು 2014ರಲ್ಲಿ ವರ್ಷದ ಅತ್ಯುತ್ತಮ ಆಟಗಾರನೆನಿಸಿದನು.

ಅದೇ 2014ರ ಆಯ್ಕೆಯಲ್ಲಿ ಸರ್ಬಿಯಾದ ನಿಕೋಲಾ ಯೋಕಿಚ್‌ನ ಹೆಸರು ಬಂದದ್ದು 41ನೆಯದಾಗಿ. ಅವನ ಓಟದಲ್ಲಿ ವೇಗವಿರಲಿಲ್ಲ, ಜಿಗಿತದಲ್ಲಿ ಎತ್ತರವಿರಲಿಲ್ಲ. ಆದರೆ ಮೈದಾನದಲ್ಲಿ ಯಾರು ಎಲ್ಲಿಗೆ ಬಂದಾರೆಂದು ಮೊದಲೇ ಕಂಡು, ಚೆಂಡನ್ನು ಅಲ್ಲಿಗೆ ಕಳುಹಿಸುವ ದೃಷ್ಟಿಯಿತ್ತು. ಅದನ್ನು ಅಳೆಯುವ ಟೇಪು ಎಲ್ಲಿದೆ? 2021, 2022 ಮತ್ತು 2024ರಲ್ಲಿ ವರ್ಷದ ಅತ್ಯುತ್ತಮ ಆಟಗಾರನೆಂಬ ಗೌರವ ಅವನದಾಯಿತು.

ಹಾಗೆಂದು ಪಟ್ಟಿಗಳೆಲ್ಲ ಸುಳ್ಳೆಂದು ತಿಳಿಯಬಾರದು. 1997ರಲ್ಲಿ ಟಿಮ್ ಡಂಕನ್, 2003ರಲ್ಲಿ ಲೆಬ್ರಾನ್ ಜೇಮ್ಸ್ ಮೊದಲನೆಯವರಾಗಿಯೇ ಆಯ್ಕೆಗೊಂಡು ಮೊದಲನೆಯವರಾಗಿಯೇ ಬಾಳಿದರು. ಒಟ್ಟಿನ ಮೇಲೆ, ಮೊದಲು ಕರೆಯಲ್ಪಟ್ಟವರು ಕೊನೆಯವರಿಗಿಂತ ಹೆಚ್ಚಾಗಿ ಯಶಸ್ವಿಗಳಾಗುವರು. ಪರೀಕ್ಷಕರ ಶ್ರಮ ವ್ಯರ್ಥವಲ್ಲ.

ನಮ್ಮ ದೇಶದ ಒಂದು ಹೆಸರನ್ನೂ ಇಲ್ಲಿ ನೆನೆಯಬೇಕು. ಪಂಜಾಬಿನ ಬಲ್ಲೋ ಕೇ ಎಂಬ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್, ಏಳಡಿ ಎರಡಂಗುಲದ ಎತ್ತರದವರು. 2010ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋದ ಅವರನ್ನು 2015ರಲ್ಲಿ ಡಲ್ಲಾಸ್ ತಂಡವು 52ನೆಯವರಾಗಿ ಆರಿಸಿತು. ಭಾರತದಲ್ಲಿ ಹುಟ್ಟಿದವರಲ್ಲಿ ಈ ಆಯ್ಕೆ ಪಡೆದ ಮೊದಲಿಗರು ಅವರೇ. ಕೆಳಹಂತದ ಲೀಗಿನಲ್ಲಿ ಆಡಿದರೂ ಎನ್.ಬಿ.ಎ. ಪಂದ್ಯದಲ್ಲಿ ಆಡುವ ಅವಕಾಶ ಅವರಿಗೆ ದೊರೆಯಲಿಲ್ಲ. ಕರೆ ಬಂದ ಮಾತ್ರಕ್ಕೆ ದಾರಿ ಮುಗಿಯುವುದಿಲ್ಲ. ಯೋಕಿಚ್‌ನಂತೆ ತಡವಾಗಿ ಬಂದ ಮಾತ್ರಕ್ಕೆ ದಾರಿ ಮುಚ್ಚುವುದೂ ಇಲ್ಲ.

ಪರೀಕ್ಷೆ ಮುಗಿದು ಶಾಲೆಯ ಫಲಕದಲ್ಲಿ ಅಂಕಗಳ ಪಟ್ಟಿ ಅಂಟಿಸಿದಾಗ ನಮ್ಮ ಎದೆಯೂ ಬಡಿದುಕೊಳ್ಳುವುದಲ್ಲವೆ? ಆ ಪಟ್ಟಿ ಸುಳ್ಳಾಡುವುದಿಲ್ಲ. ಆದರೆ ಬರೆದ ದಿನದ ಮಟ್ಟಿಗೆ ಮಾತ್ರ ಅದು ನಿಜ. ಈಗ ನಾವು ಏನಾಗಿದ್ದೇವೆ ಎಂಬುದಕ್ಕೆ ಅದು ಉತ್ತರ. ಮುಂದೆ ಏನಾದೇವು ಎಂಬುದಕ್ಕೆ ಅದು ಒಂದು ಊಹೆ. ಊಹೆಯನ್ನು ಗೌರವಿಸೋಣ, ಅದಕ್ಕೆ ಅಂಜದಿರೋಣ.

ನಾಳೆ ಅಂಗಳದಲ್ಲಿ ನಾಯಕರಾಗಿ ನಿಲ್ಲುವ ಮಿತ್ರರಲ್ಲಿ ನಮ್ಮದೊಂದು ಬಿನ್ನಹವಿದೆ: ಕೊನೆಗೆ ಉಳಿದವನನ್ನೂ ಹೆಸರು ಹಿಡಿದೇ ಕರೆಯಿರಿ.