ಸಿದ್ದಿಗಳನ್ನು ಬಿಡಿಸಿದವರು ಯಾರು?

‘ಗುಲಾಮಗಿರಿ ಅಮೆರಿಕದ್ದು, ನಮ್ಮ ಕಡಿ ಅದು ಇರ್ಲೇ ಇಲ್ಲ’ ಎಂಬ ಮಾತು ವಿಜಯಪುರದಲ್ಲಿ ಓದಿಕೊಂಡವರ ಬಾಯಲ್ಲೂ ಬರುತ್ತದೆ. ಇದು ತಪ್ಪು. ಇಲ್ಲಿಂದ ಆಳಿದ ಆದಿಲ್‌ಶಾಹಿ ಸುಲ್ತಾನರ ದಂಡಿನಲ್ಲಿ, ದರ್ಬಾರಿನಲ್ಲಿ ಇದ್ದ ಹಬಶಿಗಳಲ್ಲಿ ಬಹಳಷ್ಟು ಮಂದಿ ಪೂರ್ವ ಆಫ್ರಿಕದಿಂದ ಮಾರಾಟವಾಗಿ ಬಂದವರು. ಇಥಿಯೋಪಿಯದಲ್ಲಿ ಹುಟ್ಟಿ ಬಾಗ್ದಾದಿನಲ್ಲಿ ಮಾರಾಟವಾದ ಮಲಿಕ್ ಅಂಬರ್, ಅಹಮದ್‌ನಗರದ ತನ್ನ ಒಡೆಯ ಸತ್ತ ಮೇಲೆ ಬಿಡುಗಡೆಗೊಂಡು, ಕೆಲಕಾಲ ಬಿಜಾಪುರದ (ಇಂದಿನ ವಿಜಯಪುರದ) ಚಾಕರಿಯಲ್ಲಿದ್ದ.

‘ಇಲ್ಲಿ ಗುಲಾಮರು ಸುಖವಾಗಿದ್ದರು, ಹಬಶಿ ಇಖ್ಲಾಸ್ ಖಾನ್ ದೊಡ್ಡ ಮಂತ್ರಿಯೇ ಆಗಲಿಲ್ಲವೇ’ ಎನ್ನುವವರೂ ಇದ್ದಾರೆ. ಸುಮಾರು 1645ರ ಒಂದು ಚಿತ್ರದಲ್ಲಿ ಸುಲ್ತಾನ ಮುಹಮ್ಮದ್ ಆದಿಲ್ ಶಾಹ ಆನೆಯ ಮೇಲೆ ಮುಂದೆ ಕೂತಿದ್ದಾನೆ, ಬೆನ್ನ ಹಿಂದೆಯೇ ಇಖ್ಲಾಸ್ ಖಾನ್. ಆ ಚಿತ್ರ ಒಬ್ಬನ ಭಾಗ್ಯವನ್ನು ತೋರಿಸುತ್ತದೆ, ಅಷ್ಟೇ. ಲಾಯದಲ್ಲಿ, ಅಡುಗೆಮನೆಯಲ್ಲಿ, ಜನಾನಾದಲ್ಲಿ ದುಡಿದು ಸತ್ತವರನ್ನು ಯಾರೂ ಬರೆಯಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ನಂಬಿಕೆ: ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡಿನ ಆಫ್ರಿಕ ಮೂಲದ ಸಿದ್ದಿಗಳನ್ನು ಯಾರೋ ಪುಣ್ಯಾತ್ಮರು ಬಿಡಿಸಿ ಅಲ್ಲಿ ನೆಲೆಗೊಳಿಸಿದರಂತೆ. ಆದದ್ದು ಬೇರೆ. 1510ರಲ್ಲಿ ಗೋವೆಯನ್ನು ಆದಿಲ್‌ಶಾಹಿಯಿಂದ ಕಿತ್ತುಕೊಂಡ ಪೋರ್ಚುಗೀಸರು ಮೊಜಾಂಬಿಕ್‌ನಿಂದ ಗುಲಾಮರನ್ನು ತಂದರು. ಅವರಲ್ಲಿ ಹಲವರು ತಾವೇ ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಕಾಡು ಸೇರಿದರು. (ದಖ್ಖನಿನ ದಂಡುಗಳಿಂದ ಬಂದು ಸೇರಿದವರೂ ಸಿದ್ದಿಗಳಲ್ಲಿದ್ದಾರೆ.) ಅಮೆರಿಕದಲ್ಲಿ ಗುಲಾಮಳಾಗಿದ್ದ ಹ್ಯಾರಿಯೆಟ್ ಟಬ್‌ಮನ್ 1849ರಲ್ಲಿ ತಾನೇ ಓಡಿಹೋಗಿ, ಆಮೇಲೆ ಮತ್ತೆ ಮತ್ತೆ ಮರಳಿ ಬಂದು ಸುಮಾರು 70 ಜನರನ್ನು ಗುಟ್ಟಾಗಿ ಕರೆದೊಯ್ದಳು. ಘಟ್ಟದ ದಾರಿಯಲ್ಲಿ ಹಾಗೆ ಹೆಸರು ಉಳಿದ ಮಾರ್ಗದರ್ಶಿ ಯಾರೂ ಇಲ್ಲ. ಮೊದಲು ಓಡಿಬಂದವರ ಗುಡಿಸಲೇ ಹಿಂದೆ ಬಂದವರಿಗೆ ಆಸರೆಯಾಗಿರಬೇಕು ಎಂಬುದು ನನ್ನ ಎಣಿಕೆ.

ಘಟ್ಟ ಹತ್ತಿದರೆ ಸಾಕು, ಬಿಡುಗಡೆ ಎಂದುಕೊಳ್ಳುವುದೂ ಸರಿಯಲ್ಲ. ಮೇಲಿನ ಸೀಮೆಯಲ್ಲೂ ಗುಲಾಮರನ್ನು ಇಟ್ಟುಕೊಂಡ ಒಡೆಯರಿದ್ದರು. ಅಥಣಿ ದಾಟಿ ತಿಕೋಟಾ, ಬಬಲೇಶ್ವರದ ಬಟ್ಟಬಯಲಿಗೆ ಬಂದರೆ ಅಡಗಲು ಒಂದು ಪೊದೆಯೂ ಸಿಗುವುದು ಕಷ್ಟ. ಸಿದ್ದಿಗಳು ಕಾಡಿನಲ್ಲೇ ನಿಂತದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ಕಾನೂನು ಬಂದೊಡನೆ ಎಲ್ಲ ಮುಗಿಯಿತು ಎಂಬುದಂತೂ ಶುದ್ಧ ಭ್ರಮೆ. 1843ರ ಬ್ರಿಟಿಷ್ ಕಾಯ್ದೆ ಗುಲಾಮರ ಮೇಲಿನ ಒಡೆತನಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲವೆಂದಿತೇ ಹೊರತು ಶಿಕ್ಷೆ ವಿಧಿಸಲಿಲ್ಲ. ಪೋರ್ಚುಗೀಸರು ತಮ್ಮ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಕಾನೂನಿನಿಂದ ತೆಗೆದದ್ದು 1869ರಲ್ಲಿ. ಆಮೇಲೂ ಸಿದ್ದಿ ಕುಟುಂಬಗಳು ಸಾಲಕ್ಕೆ ಕಟ್ಟುಬಿದ್ದು ಜಮೀನ್ದಾರರ ಬಳಿ ಜೀತ ಮಾಡಿದವು. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ, ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಅವರ ಪೈಕಿ ಶಾಂತಾರಾಮ ಸಿದ್ದಿ ಮೊದಲ ಬಾರಿಗೆ ವಿಧಾನ ಪರಿಷತ್ತಿನೊಳಗೆ ಕೂತಾಗ 2020 ಆಗಿತ್ತು.