ಮರದಿಂದ ಸೀಟು ಎಷ್ಟು ದೂರ?

‘ಅಡಿಕೆ ಮರ ಏರುವ ಬೈಕು ಪಾಚಿ ಕಟ್ಟಿದ ಮರದಲ್ಲಿ ಜಾರುವುದಿಲ್ಲವೇ? ದಪ್ಪಗಿರುವವರು ಕೂತರೆ?’ ಮಾಣಿ ಊರಿನ ಓದುಗರೊಬ್ಬರು ಕೇಳಿದ್ದಾರೆ. ಹಳೆ ಬೈಕಿನ ಬಿಡಿಭಾಗಗಳಿಗೆ ಕಳೆ ಕೊಚ್ಚುವ ಯಂತ್ರದ ಎಂಜಿನ್ ಜೋಡಿಸಿ ಮನೆಯಲ್ಲೇ ಅಂಥದ್ದೊಂದು ಮಾಡುವ ಹುಮ್ಮಸ್ಸು ಅವರದು. ಸೈಲೆನ್ಸರಿಗೆ ತೂತು ಕೊರೆದು ಊರವರ ನಿದ್ದೆ ಕೆಡಿಸುವುದಕ್ಕೇ ಮಾಡಿಫಿಕೇಶನ್ ಅನ್ನುವ ಕಾಲದಲ್ಲಿ ಇದು ಎಷ್ಟೋ ವಾಸಿ.

ಬಂಟ್ವಾಳ ತಾಲೂಕು ಸಜೀಪಮೂಡದ ಕೃಷಿಕ ಗಣಪತಿ ಭಟ್ಟರ ಬೈಕು 2019ರ ಜೂನ್‌ನಲ್ಲಿ ಒಂದು ವಿಡಿಯೊದಿಂದ ದೇಶಕ್ಕೆಲ್ಲ ಗೊತ್ತಾಯಿತು. ಉದ್ಯಮಿ ಆನಂದ್ ಮಹೀಂದ್ರ ಕೂಡ ಮೆಚ್ಚಿ ಟ್ವೀಟ್ ಮಾಡಿದರು. ಸುಮಾರು 28 ಕಿಲೊ ತೂಕ, ಟೂ ಸ್ಟ್ರೋಕ್ ಎಂಜಿನ್, ಹೈಡ್ರಾಲಿಕ್ ಬ್ರೇಕ್, 80 ಕಿಲೊವರೆಗಿನ ಸವಾರ. ಸುದ್ದಿ ಮಾಡಿದವರೆಲ್ಲ ಎಂಜಿನ್ನನ್ನೇ ಹೊಗಳಿದರು. ನನ್ನ ಕಣ್ಣು ನೆಟ್ಟದ್ದು ಸೀಟಿನ ಮೇಲೆ. ಅದು ಮರದ ಒಂದೇ ಮಗ್ಗುಲಿಗೆ ಚಾಚಿಕೊಂಡಿದೆ.

ಹಳೆಯ ಮರದ ಮೇಜಿನ ಡ್ರಾ ಎಳೆದು ನೋಡಿ. ಎರಡೂ ಕೈಯಲ್ಲಿ ಸಮನಾಗಿ ಎಳೆದರೆ ಸಲೀಸಾಗಿ ಬರುತ್ತದೆ. ಒಂದೇ ಮೂಲೆ ಹಿಡಿದು ಎಳೆದರೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಸಿಟ್ಟು ಬಂದು ಜೋರಾಗಿ ಜಗ್ಗಿದರೆ ಇನ್ನಷ್ಟು ಬಿಗಿ. ಎಳೆತದ ಬಲವೇ ಡ್ರಾದ ಎರಡು ಪಕ್ಕಗಳನ್ನು ಮೇಜಿಗೆ ಒತ್ತುತ್ತದೆ, ಆ ಒತ್ತಡವೇ ಘರ್ಷಣೆಯನ್ನು ಹೆಚ್ಚಿಸುತ್ತದೆ. ಎಳೆದಷ್ಟೂ ತಡೆ.

ಬೈಕಿನಲ್ಲೂ ಇದೇ ಆಟ. ಸವಾರನ ಭಾರ ಮರದಿಂದ ಹೊರಗೆ ತೂಗುವುದರಿಂದ ಚೌಕಟ್ಟು ಅವನತ್ತ ವಾಲಲು ನೋಡುತ್ತದೆ. ಮೇಲಿನ ಗಾಲಿ ಮರವನ್ನು ಹಿಂದಿನಿಂದ ಒತ್ತುತ್ತದೆ, ಕೆಳಗಿನದು ಮುಂದಿನಿಂದ. ಲೆಕ್ಕಕ್ಕೆ, ಭಾರ ಮರದಿಂದ 40 ಸೆಂಟಿಮೀಟರ್ ಹೊರಗಿದೆ, ಮೇಲಿನ ಮತ್ತು ಕೆಳಗಿನ ಹಿಡಿತಗಳ ನಡುವೆ 50 ಸೆಂಟಿಮೀಟರ್ ಅಂತರವಿದೆ ಎನ್ನೋಣ. ಆಗ ಒಂದೊಂದು ಕಡೆಯ ಒತ್ತಡ ಒಟ್ಟು ಭಾರದ 0.8 ಪಾಲು. ಎರಡೂ ಕಡೆಯ ಘರ್ಷಣೆ ಸೇರಿ ಪೂರ್ತಿ ಭಾರ ಹೊರಬೇಕು, ಹಾಗಾಗಿ ಜಾರದೆ ನಿಲ್ಲಲು ಘರ್ಷಣಾಂಕ (ಒತ್ತಡದ ಎಷ್ಟು ಪಾಲು ಘರ್ಷಣೆಯಾಗಿ ಸಿಗುತ್ತದೆ ಎಂಬುದು) 0.63 ಇರಬೇಕು. ಒಣ ಸಿಮೆಂಟಿನ ಮೇಲೆ ರಬ್ಬರಿನದು 0.7ರ ಆಸುಪಾಸು, ಒಣ ಮರದಲ್ಲೂ ಹೆಚ್ಚುಕಡಿಮೆ ಅಷ್ಟು ಸಿಕ್ಕಿದರೆ ಪಾಸಾಗಬಹುದು, ಆದರೆ ಅಂಚಿನಲ್ಲಿ. ಹಿಡಿತಗಳ ನಡುವಿನ ಅಂತರವನ್ನು 25 ಸೆಂಟಿಮೀಟರಿಗೆ ಇಳಿಸಿದರೆ 0.31 ಸಾಕು. ಪಾಚಿಯ ಮೇಲೆ ಆ ವ್ಯತ್ಯಾಸವೇ ಜೀವ ಉಳಿಸುವಂಥದ್ದು.

ಈ ಲೆಕ್ಕದಲ್ಲಿ ಸವಾರ ಎಷ್ಟು ಕಿಲೊ ಎಂಬುದು ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚುವುದರಿಂದ ತೂಕ ಎರಡೂ ಕಡೆಯಿಂದ ಕಳೆದುಹೋಗುತ್ತದೆ. ದಪ್ಪಗಿದ್ದವರು ಹೆಚ್ಚು ಜಾರುವುದಿಲ್ಲ. 80 ಕಿಲೊ ಮಿತಿ ಬೇಕಾಗುವುದು ಎಂಜಿನ್ನಿಗೆ, ವೆಲ್ಡಿಂಗಿಗೆ, ಗಾಳಿಗೆ ಬಾಗುವ ತೆಳ್ಳಗಿನ ಮರಕ್ಕೆ. ಗಾಲಿ ಕಚ್ಚಿಕೊಂಡರೂ ತಿರುಗಬಲ್ಲದು, ಹಾಗಾಗಿ ಅದು ತಿರುಗದಂತೆ ಹಿಡಿಯುವ ಬ್ರೇಕಿನ ಕೆಲಸವೇ ಬೇರೆ. ಬ್ರೇಕ್ ಆಯಿಲ್ ತೇವ ಹೀರುತ್ತದೆ. ಕರಾವಳಿಯ ಮಳೆಗಾಲ ಕಳೆದ ಮೇಲೆ ಅದನ್ನು ಬದಲಿಸದೆ ಮರ ಏರುವುದು ಬೇಡ.

ಭಾರದಿಂದಲೇ ಹಿಡಿತ ಪಡೆಯುವ ಈ ಉಪಾಯ ಹೊಸದೇನಲ್ಲ. ಕಣ್ಣೂರಿನ ಚೆಂಬೇರಿಯ ಜೋಸೆಫ್ ಅವರ ತೆಂಗಿನ ಮರ ಏರುವ ಸಾಧನದಲ್ಲೂ ಏರುವವನ ಭಾರವೇ ಉಕ್ಕಿನ ಹಗ್ಗವನ್ನು ಮರಕ್ಕೆ ಬಿಗಿಯುತ್ತದೆ. ಅಲ್ಲಿ ಎಂಜಿನ್ನೇ ಇಲ್ಲ.

ಒಣ ಮರದ ಮಾತಾದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಆದರೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಬೇಕಾದ್ದೇ ಮಳೆಗಾಲದಲ್ಲಿ. ಆ ರೋಗ ತರುವುದು ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಎಂದು 1910ರ ಹೊತ್ತಿಗೆ ಗುರುತಿಸಿದವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ, ಕೆನಡಾ ಮೂಲದ ಲೆಸ್ಲಿ ಕೋಲ್ಮನ್. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಮೈಲುತುತ್ತು–ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಡೆಸಿದವರೂ ಅವರೇ. ಮಾಣಿಗೆ ಹತ್ತಿರದ ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಶುರುವಾದ ಮೇಲೂ ಕೊಳೆರೋಗಕ್ಕೆ ಮೊದಲ ಮದ್ದು ಅದೇ.

ಎಂಜಿನ್ನಿನ ಬಗ್ಗೆ ಎರಡು ಮಾತು. ಟೂ ಸ್ಟ್ರೋಕ್‌ನಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಾರೆ, ತಳದಲ್ಲಿ ಆಯಿಲ್ ನಿಲ್ಲಿಸಬೇಕಿಲ್ಲ, ಎಂಜಿನ್ ಓರೆಯಾದರೂ ಚಿಂತೆಯಿಲ್ಲ. ಒಂದು ಲೀಟರಿಗೆ ಸುಮಾರು 80 ಮರ ಏರಬಹುದು ಎನ್ನುತ್ತಾರೆ. ಮರ 15 ಮೀಟರ್, ಒಟ್ಟು ಭಾರ 108 ಕಿಲೊ ಎಂದು ಹಿಡಿದರೆ ಮೇಲೆತ್ತಲು ವ್ಯಯವಾದದ್ದು 12.7 ಲಕ್ಷ ಜೂಲ್. ಲೀಟರ್ ಪೆಟ್ರೋಲಿನಲ್ಲಿರುವುದು ಸುಮಾರು 3.2 ಕೋಟಿ. ನೂರಕ್ಕೆ ನಾಲ್ಕು ಪಾಲು! ಉಳಿದದ್ದು ಬಿಸಿ, ಹೊಗೆ, ಸದ್ದು.

ಇನ್ನು ವಿಡಿಯೊ ನೋಡಿ ಹಿಗ್ಗಿದವರು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿ. ಕಾಲಿಗೆ ತಳೆ ಹಾಕಿ ಏರುವ ನುರಿತ ಕೆಲಸಗಾರ ಪ್ರತಿ ಮರಕ್ಕೂ ಇಳಿದು ಏರುವುದಿಲ್ಲ. ತುದಿಯಲ್ಲಿ ಮರವನ್ನು ತೂಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಬೈಕು ಇಳಿಯಲೇಬೇಕು, ಬಿಚ್ಚಿ ಮುಂದಿನ ಮರಕ್ಕೆ ಕಟ್ಟಲೇಬೇಕು. ಅಂಥ ಕೆಲಸಗಾರರು ಸಿಗದ ಊರಿನಲ್ಲಿ ಬೈಕಿಗೆ ಬೆಲೆ ಬಂತು ನಿಜ. ಆದರೆ ಈಗ ಅದಕ್ಕೆ ಪೈಪೋಟಿ ಕೊಡುತ್ತಿರುವುದು ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು. ನೆಲದಲ್ಲೇ ನಿಂತು ಗೊನೆ ಕೊಯ್ಯಬಹುದು, ಮದ್ದೂ ಬಿಡಬಹುದು. ಮಾಣಿಯ ಓದುಗರು ವೆಲ್ಡಿಂಗ್ ಶಾಪಿಗೆ ಹೋಗುವ ಮೊದಲು ಪಕ್ಕದ ತೋಟದಲ್ಲಿ ಒಮ್ಮೆ ದೋಟಿ ಹಿಡಿದು ನೋಡಲಿ.